ಎಡಗೈಯವನು ಕೆತ್ತಿದ ಮರ

ಹಿರೋಷಿಮಾ
14 ಜೂನ್ 2020

ಅಪ್ಪ,

ಇಲ್ಲಿಂದ ಇಂಡಿಯಾಕ್ಕೆ ಅಂಚೆ ನಿಂತುಹೋಗಿದೆ. ಪೋಸ್ಟ್ ಆಫೀಸಿನ ಹೆಂಗಸು ಮೂರು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ತಲೆಬಾಗಿ ನನ್ನ ಲಕೋಟೆಯನ್ನು ವಾಪಸು ಕೊಟ್ಟಳು. ಹಾಗಾಗಿ ಕಾಗದವನ್ನು ಬರೆದು, ಫೋಟೋ ತೆಗೆದು ವಸುಧಕ್ಕನ ಫೋನಿಗೆ ಕಳಿಸುತ್ತಿದ್ದೇನೆ. ಅವಳು ಪ್ರಿಂಟ್ ಹಾಕಿಸಿ ನಿಮ್ಮ ಕೈಗೆ ಕೊಡುತ್ತಾಳೆ. ನೀವೂ ಬರೆದು ಅವಳಿಗೇ ಕೊಡಿ. ಫೋನಿನಲ್ಲಿ ಮಾತಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ಅಕ್ಕ ಕೂಗಿ ಹೇಳಬೇಕು. ನಲವತ್ತು ವರ್ಷ ರಿಪೇರಿಯಾದ ಬಂದೂಕುಗಳನ್ನೆಲ್ಲ ಹಾರಿಸಿ ನೋಡಿದ ಕಿವಿ, ಪಾಪ.

ಯೂನಿವರ್ಸಿಟಿ ಮುಚ್ಚಿದೆ. ನನ್ನ ಕೆಲಸ ಮಾತ್ರ ನಿಂತಿಲ್ಲ. ಇಲ್ಲಿನ ಸಮುದ್ರದಲ್ಲಿ ಸಣ್ಣ ಸಣ್ಣ ದ್ವೀಪಗಳಿವೆ, ದ್ವೀಪದ ತುಂಬ ನಿಂಬೆ ತೋಟಗಳು. ಕಾಡುಹಂದಿಗಳು ಈಜಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗಿ ತೋಟ ಹಾಳುಮಾಡುತ್ತವೆ. ಎಷ್ಟು ಹಂದಿ, ಎಷ್ಟು ನಷ್ಟ, ಬೇಟೆಯವರು ಎಷ್ಟು ಜನ ಉಳಿದಿದ್ದಾರೆ ಎಂದು ನಾನು ಬರೆದುಕೊಳ್ಳಬೇಕು. ಬೇಟೆಯವರೆಲ್ಲ ಮುದುಕರಾಗುತ್ತಿದ್ದಾರೆ, ನಿಜವಾದ ಸಮಸ್ಯೆ ಅದೇ.

ಅವರಲ್ಲಿ ಕುವಾಹಾರಾ ಸಾನ್ ಎಂಬವರಿದ್ದಾರೆ, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಎಂಬತ್ತೊಂದು ವರ್ಷ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ನವೆಂಬರಿನಲ್ಲಿ ಅವರ ಬಂದೂಕಿನ ಪರವಾನಗಿ ಮುಗಿಯುತ್ತದೆ. ಕಣ್ಣು ಮಂಜಾಗಿದೆ ಎಂದು ತಾವೇ ತೀರ್ಮಾನಿಸಿ, ಈ ಸಲ ನವೀಕರಿಸುವುದಿಲ್ಲ ಎಂದು ಪೊಲೀಸರಿಗೆ ತಿಳಿಸಿಬಂದರು. ಯಾರೂ ಅವರನ್ನು ಒತ್ತಾಯಿಸಿರಲಿಲ್ಲ. ನಲವತ್ತಾರು ವರ್ಷ ಒಂದೇ ರೈಫಲ್ ಇಟ್ಟುಕೊಂಡವರು. 1974ರಲ್ಲಿ ಅದಕ್ಕಾಗಿ ಮೂರು ವರ್ಷ ಹಣ ಕೂಡಿಸಿದ್ದರಂತೆ.

ಅವರ ಜೊತೆ ಊರಿನ ಬಂದೂಕಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಮೊರಿಟಾ ಸಾನ್ ಮಾಸ್ಕಿನ ಮೇಲೆ ಕನ್ನಡಕ ಮಂಜಾಗಿ, ಒರೆಸಿಕೊಂಡು ಒರೆಸಿಕೊಂಡು ಮಾತಾಡಿದರು. “ಇವತ್ತು ಬೆಳಗ್ಗೆಯಿಂದ ನೀವು ಮೂರನೆಯವರು. ಎಲ್ಲರೂ ವಾಪಸು ಕೊಡೋರೇ. ಕೊಳ್ಳೋರು ಬರೋದು ತಿಂಗಳಿಗೆ ಒಬ್ಬರೋ ಇಬ್ಬರೋ. ಅವರಿಗೆ ಮರ ಬೇಡ. ಕಪ್ಪು ಪ್ಲಾಸ್ಟಿಕ್ ಬೇಕು, ತುಕ್ಕು ಹಿಡಿಯದ ಉಕ್ಕು ಬೇಕು, ಮೇಲೆ ದುರ್ಬೀನು ಕೂರಬೇಕು, ಹಗುರ ಇರಬೇಕು. ಇಂಥದ್ದನ್ನ ನಾನು ಸುಮ್ಮನೆ ತಗೊಂಡರೂ ಕೊನೆಗೆ ಕತ್ತರಿಸೋಕೆ ಕಳಿಸಬೇಕು, ಆ ಖರ್ಚು ನನ್ನದೇ.” ಇಲ್ಲಿ ಪರವಾನಗಿ ಇಲ್ಲದವರು ಬಂದೂಕನ್ನು ಗೋಡೆಗೆ ತೂಗುಹಾಕುವ ಹಾಗೂ ಇಲ್ಲ. ಕೊಳ್ಳುವವರು ಸಿಗದಿದ್ದರೆ ಕಬ್ಬಿಣದ ಗುಜರಿಯೇ ಗತಿ.

ಕುವಾಹಾರಾ ಸಾನ್ ರೈಫಲನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಒರೆಸಿದ ರೀತಿ ನೋಡಿ ನಿಮ್ಮ ನೆನಪಾಯಿತು. ಅವರ ಒಪ್ಪಿಗೆ ಪಡೆದು ನಾಲ್ಕು ಫೋಟೋ ತೆಗೆದಿದ್ದೇನೆ. ಹೆಗಲಿಗೆ ಆನಿಸುವ ಆ ಮರ ಹೇಗಿದೆ ನೋಡಿ ಹೇಳಿ.

ನಿಮ್ಮ ಮಗಳು
ರಕ್ಷಾ

*

ಮೈಸೂರು
8 ಜುಲೈ 2020

ರಕ್ಷಾ,

ಫೋಟೋಗಳನ್ನು ನಾಲ್ಕು ದಿನ ನೋಡಿದೆ.

ಒಳ್ಳೆಯ ಅಕ್ರೋಟು ಮರ, ಬುಡದ ಹತ್ತಿರದ್ದು. ಕೈ ಹಿಡಿಯುವ ಸಣ್ಣ ಜಾಗದಲ್ಲಿ ಎಳೆಗಳು ನೇರವಾಗಿ ಹರಿದಿವೆ, ಹಿಂದೆ ಹೋಗುತ್ತ ಹೊಗೆಯಂತೆ ಸುರುಳಿ ಸುತ್ತಿವೆ. ಗಟ್ಟಿ ಬೇಕಾದ ಕಡೆ ನೇರ, ನೋಡುವ ಕಡೆ ಸುರುಳಿ. ಇಂಥ ತುಂಡು ತಾನಾಗಿ ಸಿಗುವುದಿಲ್ಲ. ಮಾಡಿದವನು ಹತ್ತು ದಿಮ್ಮಿ ತಿರುವಿಹಾಕಿ ಆರಿಸಿದ್ದಾನೆ.

ಇನ್ನೊಂದು ವಿಷಯ. ಹಿಡಿಯ ಮೇಲೆ ಜಾರದ ಹಾಗೆ ಚೌಕ ಚೌಕವಾಗಿ ಗೀರಿದ್ದಾನಲ್ಲ, ಅದನ್ನು ಭೂತಗನ್ನಡಿಯಲ್ಲಿ ನೋಡಿದೆ. ಗೀರು ಶುರುವಾಗುವ ಕಡೆ ಆಳ, ಬಿಡುವ ಕಡೆ ತೆಳು. ನಮ್ಮ ಬಲಗೈಗೆ ಅದು ಒಂದು ದಿಕ್ಕಿಗೆ ಬಂದರೆ ಇದರಲ್ಲಿ ತಿರುವುಮುರುವಾಗಿದೆ. ಮಾಡಿದವನು ಎಡಗೈಯವನು. ಆ ಯಜಮಾನರನ್ನು ಕೇಳಿ ನೋಡು.

ಈಗ ಯಾರಿಗೂ ಮರ ಬೇಡ ಎಂದು ಬರೆದಿದ್ದೀಯ. ನಾನು ಬಂದೂಕಿನ ಅಂಗಡಿಗೆ ಮರದ ಕೆಲಸಕ್ಕೆ ಸೇರಿದಾಗ ಹದಿನೆಂಟು ವರ್ಷ. ಎಸ್ಟೇಟಿನವರು ಬೀಟೆ ಮರವೇ ಬೇಕು, ಬೆಳ್ಳಿಯ ಹೂ ಕೂರಿಸಿಯೇ ಕೊಡಬೇಕು ಎನ್ನುತ್ತಿದ್ದರು. ನಾನು ಕೈ ಕುದುರಿಸಿಕೊಳ್ಳುವ ಹೊತ್ತಿಗೆ ಬೇಟೆ ನಿಷೇಧವಾಯಿತು. ಆಮೇಲೆ ಬ್ಯಾಂಕಿನ ಕಾವಲುಗಾರರ ಬಂದೂಕುಗಳು ಬಂದವು. ಅವರಿಗೆ ಮರ ಹೇಗಿದ್ದರೇನು, ಮಳೆಗೆ ಬಿರುಕು ಬಿಡದಿದ್ದರೆ ಆಯಿತು. ಕಲಿತದ್ದು ಒಂದು, ಹೊಟ್ಟೆಗೆ ಮಾಡಿದ್ದು ಇನ್ನೊಂದು.

ಈ ಮರ ಗುಜರಿಗೆ ಹೋಗದ ಹಾಗೆ ನೋಡಿಕೋ. ಅಲ್ಲಿ ತೊಗರಿಬೇಳೆ ಸಿಗುತ್ತದೆಯೇ?

ಅಪ್ಪ,
ಅನಂತಮೂರ್ತಿ

*

ಹಿರೋಷಿಮಾ
27 ಸೆಪ್ಟೆಂಬರ್ 2020

ಅಪ್ಪ,

ನಿಮ್ಮ ಕಾಗದವನ್ನು ಜಪಾನಿ ಭಾಷೆಯಲ್ಲಿ ಕುವಾಹಾರಾ ಸಾನ್‌ಗೆ ಓದಿ ಹೇಳಿದೆ. ಎಡಗೈ ಎಂದ ಕೂಡಲೇ ಚಹದ ಬಟ್ಟಲನ್ನು ಕೆಳಗಿಟ್ಟರು. “ಇದನ್ನು ಮಾಡಿದ ಹಮಾದಾ ಸಾನ್ ಎಡಗೈಯವರೇ. ಅವರು ತೀರಿಕೊಂಡು ಇಪ್ಪತ್ತು ವರ್ಷ. ನಿಮ್ಮ ತಂದೆ ಫೋಟೋದಲ್ಲಿ ಅದನ್ನು ಕಂಡರಾ?” ಎಂದರು. ಆಮೇಲೆ ಬಹಳ ಹೊತ್ತು ಹಮಾದಾ ಸಾನ್ ಬಗ್ಗೆಯೇ ಮಾತಾಡಿದರು. ಅಳತೆ ತೆಗೆದುಕೊಳ್ಳುವಾಗ ಕೋಟು ಹಾಕಿಸಿ ಒಂದು ಸಲ, ತೆಗೆಸಿ ಒಂದು ಸಲ ನಿಲ್ಲಿಸುತ್ತಿದ್ದರಂತೆ. ನನಗೆ ಹೆಮ್ಮೆಯಾಯಿತು. ಇದನ್ನು ನಿಮಗೆ ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಬರೆಯಬಹುದು.

ರೈಫಲಿಗೆ ಈಗ ಇಬ್ಬರು ಗಿರಾಕಿಗಳಿದ್ದಾರೆ.

ಒಬ್ಬ ಟೋಕಿಯೋದವನು, ಹಳೆಯ ಕೆಲಸದ ಬಂದೂಕುಗಳನ್ನು ಕೂಡಿಡುತ್ತಾನೆ. ಪರವಾನಗಿ ಇದೆ, ದುಡ್ಡೂ ಇದೆ. ಮೂರು ಲಕ್ಷ ಯೆನ್ ಕೊಡುತ್ತಾನೆ. ಈ ಕಾಲಕ್ಕೆ ಅದು ಬಹಳ. ಒಂದು ಗೀರೂ ಬೀಳದೆ ಹೇಗಿದೆಯೋ ಹಾಗೇ ಬೇಕು ಎಂಬುದು ಅವನ ಷರತ್ತು. ಒಂದು ಸಲವೂ ಬೇಟೆಗೆ ಒಯ್ಯುವವನಲ್ಲ ಎಂದು ಮೊರಿಟಾ ಸಾನ್ ಹೇಳುತ್ತಾರೆ.

ಇನ್ನೊಬ್ಬಳು ಮಿಹೊ ಸಾನ್. ಮೂವತ್ತೆಂಟು ವರ್ಷ, ದ್ವೀಪದಲ್ಲಿ ನಿಂಬೆ ಬೆಳೆಯುತ್ತಾಳೆ. ಹೋದ ವರ್ಷ ಹಂದಿಗಳು ಅವಳ ತೋಟದ ಕಲ್ಲಿನ ಕಟ್ಟೆಗಳನ್ನೇ ಉರುಳಿಸಿದವು. ಅಜ್ಜನ ಕಾಲದ ಕಟ್ಟೆಗಳು. ಒಬ್ಬಳೇ ಒಂದೊಂದಾಗಿ ಕಲ್ಲು ಎತ್ತಿ ಮತ್ತೆ ಕಟ್ಟಿದಳು. ನಾನು ಹೋದಾಗ ಕೈಗವಸು ಹರಿದು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಆದರೂ ಮೊದಲು ನನಗೆ ನಿಂಬೆ ಪಾನಕ ಮಾಡಿಕೊಟ್ಟಳು. ಇಲ್ಲಿ ರೈಫಲ್ ಬೇಕಾದರೆ ಹತ್ತು ವರ್ಷ ಶಾಟ್‌ಗನ್ ಇಟ್ಟುಕೊಂಡು ತಪ್ಪಿಲ್ಲದೆ ನಡೆದುಕೊಂಡಿರಬೇಕು. ಅವಳ ಹತ್ತು ವರ್ಷ ಮಾರ್ಚಿಗೆ ತುಂಬುತ್ತದೆ. ಅವಳೂ ಪ್ಲಾಸ್ಟಿಕ್ಕಿನ ಹೊಸದನ್ನೇ ಕೊಳ್ಳಬೇಕೆಂದಿದ್ದಳು, ಅಷ್ಟು ಹಣವಿಲ್ಲ. ಅಂಗಡಿಯಲ್ಲಿ ಕುವಾಹಾರಾ ಸಾನ್ ಅವರ ರೈಫಲನ್ನು ಹೆಗಲಿಗೆ ಹಿಡಿದು ನೋಡಿದಳು. ಮರ ಅವಳಿಗೆ ನಾಲ್ಕು ಸೆಂಟಿಮೀಟರ್ ಹೆಚ್ಚು ಉದ್ದ. ದುರ್ಬೀನು ಕೂರಿಸಿದರೆ ಕೆನ್ನೆಗೆ ಆಸರೆ ಸಿಗದು. ಆ ಕಾಲದಲ್ಲಿ ಬರಿಗಣ್ಣಿನಲ್ಲೇ ಗುರಿ ಹಿಡಿಯುತ್ತಿದ್ದರಲ್ಲ. ಹಿಂಬದಿ ಕತ್ತರಿಸಿ, ಕೆನ್ನೆಯ ಜಾಗವನ್ನು ಎತ್ತರಿಸಿದರೆ ಮಾತ್ರ ಅವಳಿಗೆ ಸರಿಹೋಗುತ್ತದೆ.

ಕತ್ತರಿಸಿದರೆ ಮಾರುವ ಬೆಲೆ ಸೊನ್ನೆ ಎಂದು ಮೊರಿಟಾ ಸಾನ್ ಮೂವರಿಗೂ ಸ್ಪಷ್ಟವಾಗಿ ಹೇಳಿದರು. ಕುವಾಹಾರಾ ಸಾನ್, “ಹಮಾದಾ ಸಾನ್ ಅದನ್ನು ನನ್ನ ಹೆಗಲಿಗೆ ಮಾಡಿದರು. ಈಗ ಹೆಗಲು ಬೇರೆ. ಅವಳಿಗೆ ಕೊಡಿ, ನನಗೆ ದುಡ್ಡು ಬೇಡ” ಎಂದರು.

ಕೆಲಸ ಮಾಡುವವರೇ ಇಲ್ಲ, ಅದೇ ತೊಂದರೆ. ಹಮಾದಾ ಸಾನ್ ನಂತರ ಈ ಕಡೆ ಬಂದೂಕಿಗೆ ಮರ ಕೂರಿಸುವವರು ಯಾರೂ ಉಳಿದಿಲ್ಲ. ಕಬ್ಬಿಣದಿಂದ ಬೇರೆ ಮಾಡಿದ ಮೇಲೆ ಅದು ಬರೀ ಮರ, ಅದನ್ನು ಮುಟ್ಟಲು ಪರವಾನಗಿ ಬೇಡವಂತೆ. ನಾನು ಮಾಡುತ್ತೇನೆ ಎಂದು ಬಾಯಿ ಹಾಕಿಬಿಟ್ಟೆ. ಹೇಗೆಂದು ನೀವು ಹೇಳಿಕೊಡಿ.

ಬೇಳೆಯನ್ನು ಟೋಕಿಯೋದ ಫುನಾಬೊರಿಯ ಇಂಡಿಯನ್ ಅಂಗಡಿಯವರು ಪಾರ್ಸೆಲ್ ಕಳಿಸುತ್ತಾರೆ. ಯೋಚನೆ ಬೇಡ.

ನಿಮ್ಮ ಮಗಳು
ರಕ್ಷಾ

*

ಮೈಸೂರು
19 ಅಕ್ಟೋಬರ್ 2020

ಶ್ರೀರಕ್ಷಾ,

ಈ ಕೆಲಸಕ್ಕೆ ನನ್ನ ಒಪ್ಪಿಗೆ ಇಲ್ಲ.

ನಲವತ್ತು ವರ್ಷದಲ್ಲಿ ನೂರಾರು ಮರ ಕತ್ತರಿಸಿದ್ದೇನೆ. ಕೆಟ್ಟ ಕೆಲಸವನ್ನು ಕತ್ತರಿಸಿದ್ದೇನೆ, ಸಾಧಾರಣ ಕೆಲಸವನ್ನೂ ಕತ್ತರಿಸಿದ್ದೇನೆ. ಒಬ್ಬ ಒಳ್ಳೆಯ ಕೆಲಸಗಾರನ ಕೈಯಿಂದ ಬಂದದ್ದನ್ನು ಮುಟ್ಟಿಲ್ಲ. ಅವನು ಬದುಕಿದ್ದರೆ ಕೇಳಬಹುದಿತ್ತು, ಈಗ ಯಾರನ್ನು ಕೇಳುವುದು? ಟೋಕಿಯೋದವನಿಗೆ ಕೊಡಲಿ. ಇದ್ದ ಹಾಗೇ ಇರುತ್ತದೆ.

ಅಲ್ಲದೆ ನಿನಗೆ ಆ ಕೆಲಸ ಬರುವುದಿಲ್ಲ.

ಅನಂತಮೂರ್ತಿ

*

ಹಿರೋಷಿಮಾ
15 ನವೆಂಬರ್ 2020

ಅಪ್ಪ,

ಬರುವುದಿಲ್ಲ, ನಿಜ. ಕಲಿಸಿದ್ದರೆ ಬರುತ್ತಿತ್ತು.

ಶಾಲೆಯಿಂದ ಬಂದು ನಿಮ್ಮ ಪಕ್ಕದಲ್ಲಿ ಕೂತರೆ “ಒಳಗೆ ಹೋಗಿ ಓದ್ಕೋ ಹೋಗು” ಎನ್ನುತ್ತಿದ್ದಿರಿ. ಓದಿಕೊಂಡೆ. ಅದರಿಂದ ಒಳ್ಳೆಯದೇ ಆಗಿದೆ, ದೂರುತ್ತಿಲ್ಲ. ನೀವು ಉಳಿಗಳನ್ನೆಲ್ಲ ಮಾರಿದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಕೊಂಡವರು “ಮಕ್ಕಳ್ಯಾರೂ ಕಲೀಲಿಲ್ವಾ?” ಎಂದು ಕೇಳಿದಾಗ “ಗಂಡು ಮಕ್ಕಳಿಲ್ಲ” ಎಂದಿರಿ. ಅಷ್ಟೇ.

ಕುವಾಹಾರಾ ಸಾನ್ ನಿನ್ನೆ ರೈಫಲನ್ನು ಮೊರಿಟಾ ಸಾನ್ ಅಂಗಡಿಯ ಬೀರುವಿಗೆ ಒಪ್ಪಿಸಿದರು. ಮಿಹೊಗೆ ಪರವಾನಗಿ ಬರುವವರೆಗೆ ಅಲ್ಲೇ ಇರುತ್ತದೆ. ಅಂಗಡಿಯಿಂದ ಪೊಲೀಸ್ ಠಾಣೆಗೆ ಹೋಗಿ ಪರವಾನಗಿಯ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು. ಕೋಟು ಟೈ ಹಾಕಿಕೊಂಡು ಬಂದಿದ್ದರು. ಅಧಿಕಾರಿ ಅವರ ಮೊಮ್ಮಗನ ವಯಸ್ಸಿನವನು. ಎದ್ದು ನಿಂತು, “ನಲವತ್ತಾರು ವರ್ಷ ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ನಿಮಗೆ ನಮ್ಮ ಕೃತಜ್ಞತೆ” ಎಂದು ತಲೆಬಾಗಿದ. ಇವರು ಅದಕ್ಕಿಂತ ಕೆಳಗೆ ಬಾಗಿದರು. ಹೊರಗೆ ಬಂದ ಮೇಲೆ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು. ಬೇಸರವಾಗಿದೆಯೇ ಎಂದು ಕೇಳಿದ್ದಕ್ಕೆ, “ಕಣ್ಣು ಕಾಣದವನ ಕೈಯಲ್ಲಿ ಬಂದೂಕಿದ್ದರೆ ಪಕ್ಕದವನಿಗೆ ಬೇಸರ” ಎಂದು ನಕ್ಕರು.

ನೀವು ಪೂರ್ತಿ ಹೆಸರು ಹಿಡಿದು ಬೈದರೂ, ಅವರು ಮಾತು ಕೊಟ್ಟಿದ್ದಾರೆ, ನಾನೂ ಕೊಟ್ಟಿದ್ದೇನೆ.

ರಕ್ಷಾ

*

ಮೈಸೂರು
2 ಫೆಬ್ರವರಿ 2021

ರಕ್ಷಾ,

ಮೊದಲು ಗರಗಸ ಮುಟ್ಟಬೇಡ. ಯಾವುದಾದರೂ ಗಟ್ಟಿ ಮರದ ಹತ್ತು ತುಂಡು ತೆಗೆದುಕೋ. ಒಂದೊಂದರಲ್ಲೂ ಅಂಗೈ ಉದ್ದದ ಸಮತಟ್ಟು ಜಾಗ ಮಾಡಿ, ಅದರ ಮೇಲೆ ಇನ್ನೊಂದು ತುಂಡು ಕೂರಿಸು. ಎರಡನ್ನೂ ಒತ್ತಿ ಹಿಡಿದು ದೀಪದ ಮುಂದೆ ನೋಡು. ಬೆಳಕು ಕಾಣದ ಹಾಗೆ ಕೂತರೆ ಕೆಲಸಕ್ಕೆ ಕೈ ಹಾಕು. ಹತ್ತರಲ್ಲಿ ಒಂದು ಕೂತರೂ ಸಾಕು, ಮೊದಲ ಸಲ ನನಗೆ ಹದಿಮೂರು ಬೇಕಾದವು.

ಕೆನ್ನೆಯ ಜಾಗಕ್ಕೆ ಸೇರಿಸುವ ತುಂಡು ಅಕ್ರೋಟೇ ಆಗಬೇಕು, ಹಳೆಯದೇ ಆಗಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಣ್ಣ ನೋಡು. ಒಣಗಿದ ಮರದ ಬಣ್ಣ ನಂಬಬೇಡ. ಎಳೆ ಹರಿಯುವ ದಿಕ್ಕು ಹಳೆಯದಕ್ಕೆ ಹೊಂದಿಕೊಳ್ಳಬೇಕು. ಹಮಾದಾ ಗೀರಿದ ಜಾಗವನ್ನು ಬಟ್ಟೆ ಸುತ್ತಿ ಕಟ್ಟಿಡು. ಅದರ ಹತ್ತಿರ ಉಳಿ ಹೋಗಕೂಡದು.

ಇದರ ಜೊತೆ ನಕ್ಷೆ ಇದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಲು ವಸುಧಾಗೆ ಹೇಳಿದ್ದೇನೆ, ಅಳತೆ ಸರಿಯಾಗಿ ಸಿಗುತ್ತದೆ.

ನಿನ್ನ ಕಾಗದ ಬಂದ ಮೇಲೆ ನನಗೆ ಕೂರಲಾಗಲಿಲ್ಲ. ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಅಂಟಿಸಿ ಒಂದು ಮಾದರಿ ಮಾಡಿದೆ. ಪಕ್ಕದ ಬೀದಿಯವನಿಂದ ಎರಡು ಉಳಿ ಕೇಳಿ ತಂದೆ. ನೀನು ಬರೆದ ಆ ಹೆಂಗಸಿನಷ್ಟೇ ಎತ್ತರ ವಸುಧಾ ಇರಬಹುದು ಎಂದು ಅವಳನ್ನು ತಾರಸಿಯ ಮೇಲೆ ನಿಲ್ಲಿಸಿ ಹೆಗಲಿಗೆ ಕೊಟ್ಟೆ. “ಅಪ್ಪಾ, ಕೆನ್ನೆಗೆ ಇದು ಎಟುಕ್ತಾನೇ ಇಲ್ಲ. ಕತ್ತು ಹಿಡ್ಕೊಳ್ತು” ಎಂದಳು. ಕತ್ತರಿಸಿ ಕೊಟ್ಟೆ. “ಈಗ ಸರಿಹೋಯ್ತು” ಎಂದಳು. ಕತ್ತರಿಸುವ ಮುಂಚೆ ಅದು ನೋಡಲು ಚಂದವಿತ್ತು. ಕತ್ತರಿಸಿದ ಮೇಲೆ ಅವಳ ಹೆಗಲಿಗೆ ಕೂತಿತು.

ಆ ದಿನ ಉಳಿ ಕೊಂಡವನಿಗೆ ನಾನು ಆಡಿದ ಮಾತು ನೀನು ಕೇಳಿಸಿಕೊಂಡಿದ್ದೀ ಎಂದು ನನಗೆ ಗೊತ್ತಿರಲಿಲ್ಲ.

ತುಂಡುಗಳ ಫೋಟೋ ಕಳಿಸು. ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತೇನೆ.

ನಿನ್ನ ಅಪ್ಪ

*

ಹಿರೋಷಿಮಾ
18 ಏಪ್ರಿಲ್ 2021

ಅಪ್ಪ,

ಒಂಬತ್ತನೆಯ ತುಂಡು ಕೂತಿತು. ನಿಮಗಿಂತ ನಾಲ್ಕು ಕಡಿಮೆ, ಆದರೆ ನಿಮಗೆ ಕೆಂಪು ಶಾಯಿಯ ಮೇಷ್ಟರು ಇರಲಿಲ್ಲ. ಕುವಾಹಾರಾ ಸಾನ್ ಕೊಟ್ಟಿಗೆಯ ಚೆರ್ರಿ ಸೌದೆಯನ್ನೆಲ್ಲ ನಾನೇ ಮುಗಿಸಿದ್ದೇನೆ. ಅವರು ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಎಂಟನೆಯದು ಬೆಳಕು ಬಿಟ್ಟಾಗ ಮಾತ್ರ ಎದ್ದು ಹೋಗಿ ಚಹ ತಂದುಕೊಟ್ಟರು.

ಅಕ್ರೋಟು ಮರ ಸಿಕ್ಕಿದ ಕಥೆ ಕೇಳಿ. ಮೊರಿಟಾ ಸಾನ್ ಅಂಗಡಿಯ ಹಿಂದೆ ಒಂದು ಕೋಣೆಯಿದೆ. ಗುಜರಿಗೆ ಹೋದ ಬಂದೂಕುಗಳಿಂದ ಬಿಚ್ಚಿದ ಮರಗಳನ್ನೆಲ್ಲ ಅಲ್ಲಿ ಪೇರಿಸಿಟ್ಟಿದ್ದಾರೆ. ಎಸೆಯಲು ಕೈ ಬರಲಿಲ್ಲವಂತೆ. ಮೂವತ್ತೋ ನಲವತ್ತೋ ಇವೆ. ಪ್ರತಿಯೊಂದೂ ಯಾರದೋ ಮೂರು ವರ್ಷದ ಉಳಿತಾಯ. ಒದ್ದೆ ಬಟ್ಟೆ ಹಿಡಿದು ಒಂದೊಂದನ್ನೇ ಒರೆಸುತ್ತ ಹೋದೆ. ಇಪ್ಪತ್ತೆರಡನೆಯದು ಹೊಂದಿತು.

ನಡುವೆ ಒಂದು ತಿರುವು ಬಂದಿತ್ತು. ಕೊರೊನಾದಿಂದ ಹಡಗುಗಳು ಬರುತ್ತಿಲ್ಲ, ವಿದೇಶದ ಹೊಸ ರೈಫಲುಗಳು ಅಂಗಡಿಗೆ ತಲುಪುತ್ತಿಲ್ಲ. ಹೋದ ವರ್ಷ ಬೇಡ ಎಂದವರೇ ಈಗ ಹಳೆಯದಿದ್ದರೆ ಕೊಡಿ ಎಂದು ಕೇಳುತ್ತಿದ್ದಾರೆ. ಟೋಕಿಯೋದವನು ಐದು ಲಕ್ಷಕ್ಕೆ ಏರಿಸಿದ, ಮಾರಿಸಿಕೊಟ್ಟರೆ ಅಂಗಡಿಗೂ ಅದರಲ್ಲೊಂದು ಪಾಲು. ನಾನು ಅಂಗಡಿಯಲ್ಲಿದ್ದಾಗಲೇ ಫೋನ್ ಬಂತು. ಮೊರಿಟಾ ಸಾನ್ ಅಂಗಡಿಯ ಬಾಡಿಗೆ ಎರಡು ತಿಂಗಳಿಂದ ಕಟ್ಟಿಲ್ಲ ಎಂದು ಊರಿಗೆಲ್ಲ ಗೊತ್ತು. ಅವರು ಫೋನಿಗೇ ತಲೆಬಾಗಿ, “ಕ್ಷಮಿಸಿ, ಅದು ಆಗಲೇ ಒಬ್ಬರಿಗೆ ಹೋಗಿದೆ” ಎಂದು ಇಟ್ಟುಬಿಟ್ಟರು. ಮಿಹೊಗೆ ಇನ್ನೂ ಪರವಾನಗಿಯೇ ಬಂದಿರಲಿಲ್ಲ.

ಮೊನ್ನೆ ಬಂತು. ಬಂದ ಮೂರು ತಿಂಗಳ ಒಳಗೆ ರೈಫಲನ್ನು ಪಡೆಯದಿದ್ದರೆ ಪರವಾನಗಿ ರದ್ದಾಗುತ್ತದೆ. ಜುಲೈ ಮಧ್ಯದವರೆಗೆ ಸಮಯವಿದೆ. ಕತ್ತರಿಸುವ ಗೆರೆಯನ್ನು ಹಾಕಿ ಫೋಟೋ ಕಳಿಸಿದ್ದೇನೆ. ನೀವು ಸರಿ ಎಂದ ಮೇಲೆ ಗರಗಸ ಇಡುತ್ತೇನೆ.

ಊರಿನ ಸುದ್ದಿ ನೋಡಿ ಗಾಬರಿಯಾಗಿದೆ. ಹೊರಗೆ ಹೋಗಬೇಡಿ.

ನಿಮ್ಮ ರಕ್ಷಾ

*

ಮೈಸೂರು
9 ಮೇ 2021

ರಕ್ಷಾ,

ಫೋನಲ್ಲಿ ಹೇಳಿದರೆ ಅತ್ತುಬಿಡ್ತೀನಿ ಅಂತ ಬರೀತಿದೀನಿ. ಅಪ್ಪನ್ನ ಆಸ್ಪತ್ರೆಗೆ ಸೇರಿಸಿ ಹನ್ನೆರಡು ದಿನ ಆಯ್ತು. ಆಕ್ಸಿಜನ್ ಮೇಲಿದಾರೆ. ನಿನಗೆ ತಕ್ಷಣ ಹೇಳಲಿಲ್ಲ, ಹೇಳಿದ್ರೂ ನೀನು ಬರೋಕಾಗ್ತಿರಲಿಲ್ಲ. ಬೈಯಬೇಡ. ಬೆಡ್ ಸಿಗೋಕೆ ಎರಡು ದಿನ ಸುತ್ತಿದ್ವಿ. ನಿನ್ನೆಯಿಂದ ಸ್ವಲ್ಪ ವಾಸಿ ಅಂತಾರೆ ಡಾಕ್ಟರು, ನಂಬಬೇಕೋ ಬೇಡವೋ ಗೊತ್ತಿಲ್ಲ.

ಒಳಗೆ ಯಾರನ್ನೂ ಬಿಡಲ್ಲ. ಮಾಲತಿ ಅಂತ ಒಬ್ಬರು ನರ್ಸು, ತುಂಬ ಒಳ್ಳೆಯವರು. ಕಿವಿ ಕೇಳಿಸಲ್ಲ ಅಂತ ಹೇಳಿದ್ದಕ್ಕೆ ಒಂದು ಸ್ಲೇಟು ತಂದು ಅವರ ಹಾಸಿಗೆ ಪಕ್ಕ ಇಟ್ಟಿದಾರೆ. ಅಪ್ಪ ಬರೆದಿದ್ದನ್ನ ಫೋಟೋ ತೆಗೆದು ನನಗೆ ಕಳಿಸ್ತಾರೆ. ಮೊನ್ನೆ ಏನು ಬರೆದಿದ್ರು ಗೊತ್ತಾ? “ರಕ್ಷಾಗೆ ಹೇಳು. ಗೆರೆ ಕೂದಲೆಳೆಯಷ್ಟು ಹಿಂದೆ ಹೋಗಲಿ. ಕಡಿಮೆ ಕತ್ತರಿಸಿದ್ದನ್ನು ಮತ್ತೆ ಕತ್ತರಿಸಬಹುದು.” ಅಷ್ಟೇ. ನನ್ನ ಬಗ್ಗೆಯಾಗಲಿ, ಮನೆ ಬಗ್ಗೆಯಾಗಲಿ ಒಂದಕ್ಷರ ಇಲ್ಲ. ಮೊದಲು ಕೋಪ ಬಂತು. ಆಮೇಲೆ ಉಸಿರಾಡೋಕೇ ಕಷ್ಟಪಡೋ ಮನುಷ್ಯ ಇಷ್ಟು ಬರೆದರಲ್ಲ ಅಂತ ಸಮಾಧಾನ ಆಯ್ತು.

ಅವರ ಅಪ್ಪಣೆ ಸಿಕ್ಕಿದ ಹಾಗೆ ಅಂದ್ಕೋ. ಮುಂದಿನದಕ್ಕೆ ಕಾಯಬೇಡ.

ನಿನ್ನ ಅಕ್ಕ
ವಸುಧಾ

*

ಹಿರೋಷಿಮಾ
20 ಜೂನ್ 2021

ಅಪ್ಪ,

ನೀವು ಮನೆಗೆ ಬಂದಿದ್ದೀರಿ, ನಿನ್ನೆ ಎರಡು ಇಡ್ಲಿ ತಿಂದಿರಿ ಎಂದು ಅಕ್ಕ ಹೇಳಿದಳು. ಎಷ್ಟು ಎದ್ದು ಕೂರಲಾಗುತ್ತದೋ ಅಷ್ಟು ಓದಿ, ಉಳಿದದ್ದು ನಾಳೆ.

ನಿಮಗಾಗಿ ನಾಲ್ಕು ವಾರ ಕಾದೆ. ಸಮಯ ಮೀರುತ್ತಿತ್ತು. ಜೂನ್ ಐದರ ಬೆಳಗ್ಗೆ ಮೊರಿಟಾ ಸಾನ್ ಕಬ್ಬಿಣವನ್ನೆಲ್ಲ ಬೀರುವಿನಲ್ಲೇ ಉಳಿಸಿಕೊಂಡು, ಮರವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕೊಟ್ಟಿಗೆಯಲ್ಲಿ ಮೂವರೇ ಇದ್ದೆವು, ಮಿಹೊ, ಕುವಾಹಾರಾ ಸಾನ್, ನಾನು. ನಿಮ್ಮ ಕೂದಲೆಳೆಯನ್ನು ಲೆಕ್ಕಕ್ಕೆ ಹಿಡಿದು ಗೆರೆ ಹಾಕಿದೆ. ಗರಗಸ ಇಟ್ಟ ಮೇಲೆ ಕೈ ಮುಂದೆ ಹೋಗಲಿಲ್ಲ. ಕುವಾಹಾರಾ ಸಾನ್‌ಗೆ “ಈಗಲೂ ನೀವು ಬೇಡ ಎನ್ನಬಹುದು” ಎಂದೆ. ಅವರು, “ಬೆಳಕು ಚೆನ್ನಾಗಿದೆ, ಈಗಲೇ ಮಾಡಿ” ಎಂದರು.

ಕತ್ತರಿಸಿದೆ. ಒಳಗಿನ ಮರದಿಂದ ವಾಸನೆ ಬಂತು, ನಲವತ್ತೇಳು ವರ್ಷದಿಂದ ಮುಚ್ಚಿಟ್ಟಿದ್ದ ವಾಸನೆ.

ಕೆನ್ನೆಯ ಭಾಗಕ್ಕೆ ಒಂಬತ್ತು ದಿನ ಹಿಡಿಯಿತು. ಎರಡು ಸಲ ಬೆಳಕು ಕಂಡಿತು, ಎರಡು ಸಲವೂ ಬಿಚ್ಚಿದೆ. ಅಂಟು ಒಣಗಿ, ಎಣ್ಣೆ ಹಚ್ಚಿ ಉಜ್ಜಿದ ಮೇಲೆ ಕುವಾಹಾರಾ ಸಾನ್ ಕೈಗೆ ಕೊಟ್ಟೆ. ಕಣ್ಣು ಹೇಗೂ ಮಂಜು, ಅವರು ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳಿನಿಂದ ಸವರುತ್ತ ಹೋದರು. ಹೋದರು, ವಾಪಸು ಬಂದರು, ಮತ್ತೆ ಹೋದರು. “ಎಲ್ಲಿ ಸೇರಿಸಿದ್ದೀರಿ?” ಎಂದು ಕೇಳಿದರು. ನಾನು ಅವರ ಬೆರಳನ್ನು ಹಿಡಿದು ಆ ಜಾಗದ ಮೇಲಿಟ್ಟೆ. ಆಗಲೂ ಅವರಿಗೆ ಸಿಗಲಿಲ್ಲ.

“ನಿಮ್ಮ ಗುರು ಯಾರು?” ಎಂದರು. ಅವರಿಗೆ ಗೊತ್ತಿತ್ತು, ಆದರೂ ಔಪಚಾರಿಕವಾಗಿ, ಮೊದಲ ಸಲ ಭೇಟಿಯಾದವರ ಹಾಗೆ ಕೇಳಿದರು. “ಮೈಸೂರಿನ ಅನಂತಮೂರ್ತಿ” ಎಂದೆ. ಅವರು ಸ್ಟೂಲಿನಿಂದ ಎದ್ದು ಪಶ್ಚಿಮಕ್ಕೆ, ಇಂಡಿಯಾ ಇರಬಹುದಾದ ಕಡೆಗೆ ತಿರುಗಿ ಬಾಗಿದರು. ನಿಮಗೆ ತಲುಪಿಸಬೇಕಾದದ್ದನ್ನು ತಲುಪಿಸುತ್ತಿದ್ದೇನೆ.

ಜುಲೈ ಎರಡರಂದು ಮಿಹೊ ರೈಫಲನ್ನು ಪಡೆಯುತ್ತಾಳೆ. ಆರು ಫೋಟೋಗಳಿವೆ. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಬರೆಯಿರಿ.

ನಿಮ್ಮ ರಕ್ಷಾ

*

ಹಿರೋಷಿಮಾ
30 ಜನವರಿ 2022

ಅಪ್ಪ,

ನಿಮ್ಮ ಎರಡು ಸಾಲಿನ ಕಾಗದಗಳು ಸಾಕು, ಬೆರಳು ನಡುಗುವಾಗ ಉದ್ದ ಬರೆಯಬೇಡಿ ಎಂದು ನಾನೇ ಹೇಳಿದ್ದೆ. ಆದರೆ ಫೋಟೋಗಳ ಬಗ್ಗೆ ಏಳು ತಿಂಗಳಿಂದ ಒಂದು ಮಾತೂ ಬರೆದಿಲ್ಲ. ನೋಡಿದಿರೋ ಇಲ್ಲವೋ.

ಇವತ್ತು ಮಿಹೊಗೆ ಮೊದಲ ಹಂದಿ ಸಿಕ್ಕಿತು. ಗುಡ್ಡದ ಮೇಲಿಂದ ನಾಯಿಗಳು ಓಡಿಸಿಕೊಂಡು ಬಂದವು. ಅವಳು ತನ್ನ ಜಾಗದಲ್ಲಿ ಎರಡು ಗಂಟೆ ಅಲ್ಲಾಡದೆ ಕಾದಿದ್ದಳು. ಒಂದೇ ಗುಂಡು. ಹಂದಿ ನರಳಲಿಲ್ಲ, ಅದು ಮುಖ್ಯ ಎಂದು ಇವರೆಲ್ಲ ಹೇಳುತ್ತಾರೆ. ಕುವಾಹಾರಾ ಸಾನ್ ಗುಡ್ಡದ ಕೆಳಗೆ ವ್ಯಾನಿನಲ್ಲಿ ಕೂತು ವಾಕಿಟಾಕಿಯಲ್ಲಿ ಕೇಳುತ್ತಿದ್ದರು. ಶಬ್ದ ಕೇಳಿದ ಕೂಡಲೇ “ಅದು ನಂದು” ಎಂದರು, ತಕ್ಷಣ ತಿದ್ದಿಕೊಂಡು “ಅದು ಮಿಹೊದು” ಎಂದರು. ಮಿಹೊ ಇಳಿದು ಬಂದು ಅವರ ಮುಂದೆ ನಿಂತಾಗ, “ಹೆಗಲು ನೋಯ್ತಾ?” ಎಂದು ಕೇಳಿದರು. “ಇಲ್ಲ, ಅದು ಇತ್ತು ಅಂತಾನೇ ಗೊತ್ತಾಗಲಿಲ್ಲ” ಎಂದಳು.

ಮೊರಿಟಾ ಸಾನ್ ಅಂಗಡಿ ಉಳಿದುಕೊಂಡಿತು. ಹೊಸದಾಗಿ ಬೇಟೆ ಕಲಿತ ಹೆಂಗಸರಿಬ್ಬರು ಮಿಹೊದನ್ನು ನೋಡಿ, ಪ್ಲಾಸ್ಟಿಕ್ ಬೇಡ, ಇಂಥದ್ದೇ ಬೇಕು ಎಂದು ಅಂಗಡಿಗೆ ಬಂದರಂತೆ. “ಇದು ಹೊಸ ರುಚಿಯೋ, ಎರಡು ದಿನದ ಖಯಾಲಿಯೋ ಗೊತ್ತಿಲ್ಲ, ಐವತ್ತು ವರ್ಷದಲ್ಲಿ ಇಂಥದ್ದು ಬಹಳ ನೋಡಿದ್ದೇನೆ” ಎನ್ನುತ್ತಾರೆ ಮೊರಿಟಾ ಸಾನ್. ಆದರೂ ಹಿಂದಿನ ಕೋಣೆಯ ಬೀಗ ತೆಗೆದು ಧೂಳು ಹೊಡೆಸಿದ್ದಾರೆ. ಎರಡು ಶಾಟ್‌ಗನ್ನಿಗೆ ಮರ ಕೂರಿಸಿಕೊಡುತ್ತೀರಾ ಎಂದು ನನ್ನನ್ನು ಕೇಳಿದರು. ಒಪ್ಪಿಕೊಂಡೆ.

ದೇಶಗಳ ಬಾಗಿಲುಗಳು ತೆರೆಯುತ್ತಿವೆ. ಏಪ್ರಿಲಿಗೆ ಟಿಕೆಟ್ ಸಿಗಬಹುದು. ಇಲ್ಲಿಂದ ನಿಮಗೆ ಏನು ತರಲಿ?

ನಿಮ್ಮ ರಕ್ಷಾ

*

ಮೈಸೂರು
21 ಫೆಬ್ರವರಿ 2022

ರಕ್ಷಾ,

ಫೋಟೋಗಳನ್ನು ನೋಡಿದೆ. ಗೋಡೆಗೆ ಅಂಟಿಸಿದ್ದೇನೆ. ಬಳಿದ ಸುಣ್ಣ ಕಿತ್ತುಬರುತ್ತದೆಂದು ವಸುಧಾ ಗಲಾಟೆ ಮಾಡಿದಳು.

ಬರೆಯಲಿಲ್ಲ, ಯಾಕೆಂದರೆ ಕೆಂಪು ಶಾಯಿಗೆ ಕೆಲಸವೇ ಸಿಗಲಿಲ್ಲ. ಆರು ತಿಂಗಳು ಭೂತಗನ್ನಡಿ ಇಟ್ಟು ಹುಡುಕಿದೆ. ಮೂರನೆಯ ಫೋಟೋದಲ್ಲಿ ಸೇರಿಸಿದ ಜಾಗ ಸಿಕ್ಕಿತು ಎಂದುಕೊಂಡಿದ್ದೆ. ಅದು ಪ್ರಿಂಟಿನ ಗೀರು. ಹಮಾದಾ ಇದ್ದಿದ್ದರೆ ಅವನಿಗೂ ಸಿಗುತ್ತಿರಲಿಲ್ಲ. ಇದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಆದರೆ ಕತ್ತರಿಸಿದ ತುದಿಯ ಫೋಟೋ ನೋಡಿ ನನಗೊಂದು ಅನುಮಾನ ಬಂತು. ಗರಗಸದ ಹಾದಿ ಅಷ್ಟು ತೆಳುವಾಗಿ, ಅಷ್ಟು ನುಣ್ಣಗೆ ಬರಲು ಸಾಧ್ಯವಿಲ್ಲ. ನಮ್ಮ ಗರಗಸದಲ್ಲಂತೂ ಬರುವುದಿಲ್ಲ. ವಸುಧಾ ಅವಳ ಫೋನಿನಲ್ಲಿ ಹುಡುಕಿ ತೋರಿಸಿದಳು, ಅಲ್ಲಿಯವರು ಗರಗಸವನ್ನು ತಳ್ಳುವುದಿಲ್ಲವಂತೆ, ತಮ್ಮ ಕಡೆಗೆ ಎಳೆದುಕೊಂಡು ಕತ್ತರಿಸುತ್ತಾರಂತೆ. ನೀನೂ ಹಾಗೇ ಮಾಡಿದ್ದೀ. ನನ್ನನ್ನು ಕೇಳಲಿಲ್ಲ, ಅಲ್ಲಿಯೇ ಕಲಿತೆ. ನಾನು ನಲವತ್ತು ವರ್ಷ ತಳ್ಳಿದ್ದೇನೆ.

ಬರುವಾಗ ಅಂಥದ್ದೊಂದು ಗರಗಸ ತಾ. ಎಳೆಯುವುದು ಹೇಗೆಂದು ನನಗೆ ಹೇಳಿಕೊಡು.

ನಿನ್ನ ಅಪ್ಪ